ಅಕ್ಕಾರು ನಡೆದು ಬಂದರೆ

ಆ ಊರಿಗೆ ನಾನು ಕಾಲಿಟ್ಟ ದಿನವೇ ನನ್ನ ಛತ್ರಿ ಹೋಯಿತು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಮೋಡ ನೋಡುತ್ತ, "ಛತ್ರಿ ಐತೇನ್ರಿ ಡಾಕ್ಟ್ರ?" ಎಂದು ಕೇಳಿದ. ನಾನು ಚೀಲದ ಒಳಗೆ ಏನನ್ನೋ ಹುಡುಕುವ ಗಡಿಬಿಡಿಯಲ್ಲಿ "ಇಲ್ಲ" ಎಂದೆ. ಕಂಕುಳಲ್ಲಿ ಹಿಡಿದಿದ್ದ ಛತ್ರಿಯ ಜಾಗದಲ್ಲಿ ಬರೀ ಕಂಕುಳು ಉಳಿಯಿತು. ಕಾವಲುಗಾರ ನಗದೆ, ಬೈಯದೆ, "ಹೊಸಬರು" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನನ್ನು ಒಳಗೆ ಬಿಡುತ್ತ, "ಇನ್ಮ್ಯಾಲೆ ಆ ಮಾತು ಬಿಡ್ರಿ. ಹೆಂಡ್ತಿ ಮಕ್ಕಳು ಅದಾರೇನಂತ ಕೇಳಿದ್ದರ ಏನ್ ಮಾಡತಿದ್ರಿ?" ಎಂದ. ನನಗೆ ಆಗಿನ್ನೂ ಮದುವೆಯಾಗದಿದ್ದದ್ದು ಒಳ್ಳೆಯದೇ ಆಯಿತು.

ಆಮೇಲೆ ಕಿವಿಗೊಟ್ಟು ಕೇಳಿದೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಮುಗಿದರೆ "ಸಕ್ರಿ ಹೆಚ್ಚೈತ್ರಿ" ಎನ್ನುತ್ತಿದ್ದರು. ಮನೆಯ ಯಜಮಾನ ಹೊರಗೆ ಹೋಗಿದ್ದರೆ "ಬರೂ ಹಾದ್ಯಾಗ ಅದಾರ" ಎನ್ನುತ್ತಿದ್ದರು. ತಿಳಿಯದ ಸಂಗತಿಗೆ "ಇನ್ನ ಗೊತ್ತಾಗಬೇಕ್ರಿ" ಎಂಬ ಉತ್ತರ. ಬಳೆ ಒಡೆದರೆ "ಬಳಿ ಹೆಚ್ಚ್ಯಾವ". ಹೀಗೆ ಮಾತಾಡುವುದು ನನಗೇನೂ ಪೂರಾ ಹೊಸದಲ್ಲ. ಡಬ್ಬದ ತಳ ಕಂಡಾಗ ನಮ್ಮಜ್ಜಿಯೂ ಅಕ್ಕಿ ಹೆಚ್ಚಿದೆ ಎಂದೇ ಹೇಳುತ್ತಿದ್ದರು. ನಮ್ಮ ಕಡೆ ಅದು ಮನೆಯ ಲಕ್ಷಣಕ್ಕೆ ಆಡುವ ಮಾತು, ಇಲ್ಲಿ ಅದು ಬದುಕಿಗೆ ಆಡುವ ಮಾತು. ಆದರೂ ಪಳಗಲು ಸಮಯ ಹಿಡಿಯಿತು. ಆಸ್ಪತ್ರೆಯ ಕ್ಯಾಂಟೀನಿನ ಇಮಾಮಸಾಬ "ವಡಿ ಹೆಚ್ಚ್ಯಾವ್ರಿ" ಎಂದಾಗ ನಾನು ಖುಷಿಯಿಂದ "ಹಾಗಾದ್ರೆ ಎರಡು ಪ್ಲೇಟ್ ಕೊಡಿ" ಎಂದೆ. ಅವನು ಖಾಲಿ ಬುಟ್ಟಿಯನ್ನು ನನ್ನ ಮುಂದೆ ಬೋರಲು ಹಾಕಿ, "ಎರಡ ಯಾಕ್ರಿ, ನಾಕ ಪ್ಲೇಟ ತಗೋರಿ" ಎಂದ. ಇಡೀ ಕ್ಯಾಂಟೀನು ನಕ್ಕಿತು.

ನಾನು ಅಲ್ಲಿಗೆ ಹೋದದ್ದು ಡಾಕ್ಟರ್ ಇಂದುಮತಿ ಹಳ್ಳೂರ ಅವರ ಕೈಕೆಳಗೆ ಕೆಲಸ ಮಾಡಲು. ಊರಿನವರಿಗೆಲ್ಲ ಅವರು ಹಳ್ಳೂರ ಅಕ್ಕಾರು. ಮಿದುಳಿನ ರೋಗಗಳನ್ನು ಗಾಜಿನ ಮೇಲೆ ಓದುವವರು. ಶಸ್ತ್ರವೈದ್ಯರು ತಲೆಬುರುಡೆ ತೆರೆದು ಒಂದು ಚೂರು ಕಳಿಸುತ್ತಾರೆ. ಅದು ಗಡ್ಡೆಯೇ, ಕ್ಷಯದ ಗಂಟೇ, ಹುಳುವಿನ ಚೀಲವೇ, ಬರೀ ಕೀವೇ ಎಂದು ಹೇಳಬೇಕಾದದ್ದು ನಮ್ಮ ಕೆಲಸ. ಗಡ್ಡೆಯಾದರೆ ಯಾವ ಜಾತಿಯದು, ಎಷ್ಟು ಅವಸರದ್ದು ಎಂದೂ ಹೇಳಬೇಕು. ಬರಿಗಣ್ಣಿಗೆ ಎಲ್ಲವೂ ಒಂದೇ ಬಗೆಯ ಬೂದು ಲೋಳೆ. ಆದರೆ ಒಂದಕ್ಕೆ ಕತ್ತರಿ ಬೇಕು, ಇನ್ನೊಂದಕ್ಕೆ ಗುಳಿಗೆ ಸಾಕು, ಮತ್ತೊಂದಕ್ಕೆ ಕೈ ಹಚ್ಚದೆ ಬಿಡುವುದೇ ಚಿಕಿತ್ಸೆ. ತಲೆ ತೆರೆದು ಮಲಗಿದ ಮನುಷ್ಯ ಕಾಯುತ್ತಿರುವಾಗ ಈ ಮೂರರಲ್ಲಿ ಒಂದನ್ನು ಆರಿಸಬೇಕು.

ಅಕ್ಕಾರು ಮೊದಲ ದಿನ ನನಗೆ ಹೇಳಿದ್ದು ಇಷ್ಟೇ. "ತಮ್ಮಾ, ನಮ್ಮ ಕಸಬು ಅಂದ್ರ 'ಅಲ್ಲ' ಅನ್ನೂದು. ಇದು ಅದಲ್ಲ, ಅದೂ ಅಲ್ಲ, ಹಂಗಾರ ಇದು. ಇನ್ನೊಂದು ಮಾತೈತಲ್ಲ, ನಿನ್ನ ಛತ್ರಿ ನುಂಗಿದ್ದು, ಅದು ನಮ್ಮದಲ್ಲ."

'ಅಲ್ಲ'ಕ್ಕೆ ಆ ಊರಿನಲ್ಲಿ ಯಾವ ದೋಷವೂ ತಟ್ಟದು ಎಂದು ಎಲ್ಲರೂ ನಂಬಿದ್ದರು. ಇದು ಕುರ್ಚಿಯಲ್ಲ ಎಂದರೆ ಕುರ್ಚಿ ಎಲ್ಲಿಗೂ ಹೋಗದು, ನಿಮ್ಮ ಮುಂದಿರುವುದು ಮೇಜು ಎಂದು ಗೊತ್ತಾಗುತ್ತದೆ, ಅಷ್ಟೇ. ಆದರೆ ಎರಡು ಮಾತಿನ ನಡುವೆ ಇರುವುದು ಒಂದೇ ಒಂದು ಸ್ವರ. ಆಪರೇಷನ್ ಕೋಣೆಗೂ ನಮ್ಮ ಕೋಣೆಗೂ ನಡುವೆ ಒಂದು ಹಳೆಯ ಇಂಟರ್‌ಕಾಂ ಇತ್ತು, ಅದರಲ್ಲಿ ಮಾತಿಗಿಂತ ಗೊರಗೊರ ಜಾಸ್ತಿ. ನಾವು ಹೇಳಿದ್ದನ್ನು ಅಲ್ಲಿನ ನರ್ಸು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ತಿರುಗಿ ಹೇಳಬೇಕು ಎಂಬುದು ಎಲ್ಲ ಆಸ್ಪತ್ರೆಗಳ ಹಾಗೆ ಅಲ್ಲಿಯೂ ನಿಯಮ. ನಾವು "ಗಡ್ಡೆ ಅಲ್ಲ" ಎಂದು ಹೇಳಿ, ಅವಳು ತೆರೆದ ತಲೆಯ ಪಕ್ಕ ನಿಂತು ಅದರ ಮೊದಲಕ್ಷರ ತಪ್ಪಿ ಕೂಗಿದರೆ ಗತಿಯೇನು?

ಗಡ್ಡೆ ಹೋದರೆ ಒಳ್ಳೆಯದೇ ಅಲ್ಲವೇ ಎಂದು ನಾನೂ ಕೇಳಿದ್ದೆ. ಅಕ್ಕಾರು ನನ್ನನ್ನು ಹಳೆಯ ರೋಗಿಯೊಬ್ಬನ ಮನೆಗೆ ಕರೆದುಕೊಂಡು ಹೋದರು. ಬಹಳ ಹಿಂದೆ ಅವನ ತಮ್ಮ, ಅಣ್ಣನ ಮೇಲಿನ ಪ್ರೀತಿಗೆ, ಅವನ ತಲೆಯ ಮೇಲೆ ಕೈಯಿಟ್ಟು ಆ ಮಾತನ್ನು ಹೇಳಿಬಿಟ್ಟಿದ್ದ. ಗಡ್ಡೆ ಹೋಯಿತು. ಮಿದುಳಿನ ಗಡ್ಡೆ ಅನ್ನದೊಳಗಿನ ಕಲ್ಲಲ್ಲ, ಬಟ್ಟೆಗೆ ಹತ್ತಿದ ಬಣ್ಣ; ಅದು ಎಲ್ಲೆಲ್ಲಿ ಹತ್ತಿತ್ತೋ ಅಲ್ಲಲ್ಲಿ ಬಟ್ಟೆಯೂ ಹೋಯಿತು. ಆ ಮನುಷ್ಯ ನಮಗೆ ನಗುನಗುತ್ತ ಚಹಾ ಕೊಡಿಸಿದ. ತನ್ನ ಮಕ್ಕಳಿಗೂ ನಮಗೆ ಕೊಡಿಸಿದಷ್ಟೇ ಮರ್ಯಾದೆಯಿಂದ, "ತಾವು ಯಾವೂರವರ್ರಿ?" ಎಂದು ಕೇಳಿ, ಚಹಾ ಕೊಡಿಸಿದ.

ಅದಕ್ಕೇ ಅಕ್ಕಾರದು ಒಂದು ಪದ್ಧತಿ. ಗಡ್ಡೆಯೇ ಹೌದು ಎಂದಾದರೆ ಇಂಟರ್‌ಕಾಂ ಎತ್ತಿ ಹೇಳುತ್ತಿದ್ದರು. 'ಅಲ್ಲ' ಎನ್ನಬೇಕಾದರೆ ಮಾತ್ರ ಎದ್ದು, ಚಪ್ಪಲಿ ಮೆಟ್ಟಿ, ಉದ್ದ ಕಾರಿಡಾರಿನಲ್ಲಿ ನಡೆದುಹೋಗಿ, ಶಸ್ತ್ರವೈದ್ಯರ ಮುಖ ನೋಡಿಕೊಂಡು ಹೇಳುತ್ತಿದ್ದರು. ಅವರ ಬಲ ಮೊಣಕಾಲು ಕೆಟ್ಟಿತ್ತು. ಒಂದು ಕೈ ಗೋಡೆಗೆ ಆನಿಸಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡಬೇಕು. ನಾನು ಹೋಗಿ ಹೇಳುತ್ತೇನೆ ಎಂದರೆ ಒಪ್ಪಲಾರರು ಎಂದು ನನಗೆ ಬೇಗನೆ ತಿಳಿಯಿತು. "ನೋಡಿದ ಕಣ್ಣು, ಹೇಳೂ ಬಾಯಿ ಒಂದ ಮಾರಿ ಮ್ಯಾಲ ಇರಬೇಕು" ಎನ್ನುತ್ತಿದ್ದರು. ಹೀಗಾಗಿ ಕಾರಿಡಾರಿನ ಬೆಂಚಿನ ಮೇಲೆ ಕೂತ ಮನೆಯವರಿಗೆಲ್ಲ ಒಂದು ಲೆಕ್ಕ ಗೊತ್ತಿತ್ತು. ಒಳಗೆ ಇಂಟರ್‌ಕಾಂನ ಗಂಟೆ ಹೊಡೆದರೆ ತಲೆ ತಗ್ಗಿಸುವುದು. ಬಾಗಿಲು ತೆರೆದು ಅಕ್ಕಾರು ನಡೆದು ಬಂದರೆ ಎದ್ದು ನಿಲ್ಲುವುದು. ಅವರು ಯಾರಿಗೂ ಏನೂ ಹೇಳದೆ ದಾಟಿ ಹೋಗುತ್ತಿದ್ದರು, ಹೇಳುವ ಅಗತ್ಯವೂ ಬೀಳದು. ಅವರ ಚಪ್ಪಲಿಯ ಸದ್ದಿಗೆ ಕೈ ಮುಗಿದವರನ್ನು ನಾನು ಕಂಡಿದ್ದೇನೆ.

ಸವಾಲಿನ ದ್ಯಾಮಣ್ಣ ನಮ್ಮಲ್ಲಿಗೆ ಬಂದದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ಪೇಟೆಯಲ್ಲಿ ಮೆಣಸಿನಕಾಯಿ ಸವಾಲು ಕೂಗುವ ಕೆಲಸ ಅವನದು. ರಾಶಿಯ ಮುಂದೆ ನಿಂತು ಕೊನೆಗೆ ಏರಿದ ಬೆಲೆಯನ್ನು ಮೂರು ಸಲ ಕೂಗಿ, ಮೂರನೆಯದಕ್ಕೆ ಚೀಲದ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟನೆಂದರೆ ಮುಗಿಯಿತು. ಆಮೇಲೆ ಯಾವ ದೊಡ್ಡ ವ್ಯಾಪಾರಿಯೂ ತುಟಿ ಬಿಚ್ಚುವಂತಿರದು. ಅಂಥವನ ಬಾಯಿಂದ ಮಾತುಗಳು ಒಂದೊಂದಾಗಿ ಉದುರತೊಡಗಿದವು. ಮೊದಲು ಹೆಸರುಗಳು, ಆಮೇಲೆ ಅಂಕಿಗಳು, ಆಮೇಲೆ ಬೈಗುಳಗಳು. ಕೊನೆಗೆ ಒಂದೇ ಒಂದು ಮಾತು ಉಳಿಯಿತು. ಮಾತಿನ ಜಾಗಕ್ಕೆ ಪೆಟ್ಟು ಬಿದ್ದವರಲ್ಲಿ ಹೀಗೆ ಒಂದು ಮಾತು ಉಳಿದುಕೊಳ್ಳುವುದು ನಾವು ಓದಿದ್ದೇ. ಆದರೆ ಜಗತ್ತಿನ ಎಲ್ಲ ಊರುಗಳನ್ನು ಬಿಟ್ಟು ಇದೇ ಊರಿನಲ್ಲಿ, ಎಲ್ಲ ಮಾತುಗಳನ್ನು ಬಿಟ್ಟು ಅದೇ ಮಾತು ಉಳಿಯಬೇಕಿತ್ತೇ?

"ದ್ಯಾಮಣ್ಣ, ತಕ್ಕಡಿ ಎಲ್ಲೈತಿ?" ಎಂದು ಯಾರೋ ಕೇಳಿದರು. "ಇಲ್ಲ" ಎಂದ. ಪೇಟೆಯ ದೊಡ್ಡ ತಕ್ಕಡಿ ಹೋಯಿತು, ಅದನ್ನು ತೂಗುಹಾಕಿದ್ದ ಸರಪಳಿ ಗಾಳಿಯಲ್ಲಿ ಓಲಾಡುತ್ತ ಉಳಿಯಿತು. "ಎಮ್ಮಿ ಕರದಾತೇನು?" ಎಂದು ನೆರೆಯವಳು ಕೇಳಿದಳು. ಗೂಟದಲ್ಲಿ ಹಗ್ಗದ ಕುಣಿಕೆ ಹಾಗೆಯೇ ಗುಂಡಗೆ ನಿಂತಿತ್ತು, ಒಳಗೆ ಕೊರಳು ಮಾತ್ರ ಮಾಯ. ಕೇಳಿದ್ದಕ್ಕೆಲ್ಲ ಅವನ ಬಾಯಿ ಅದನ್ನೇ ಹೇಳುತ್ತಿತ್ತು. ಹೇಳಿದ ಮರುಗಳಿಗೆ ಅವನ ಕಣ್ಣು ತುಂಬುತ್ತಿತ್ತು. ಏನಾಗುತ್ತಿದೆ ಎಂದು ಅವನಿಗೆ ಪೂರಾ ಗೊತ್ತಿತ್ತು. ಆಸ್ಪತ್ರೆಗೆ ಬರುವ ಹೊತ್ತಿಗೆ ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತಾನೇ ಒತ್ತಿ ಹಿಡಿದುಕೊಂಡಿದ್ದ.

ಅವನ ಹೆಂಡತಿ ಫಕ್ಕೀರವ್ವ ಜೋರು ಹೆಂಗಸು. ಗಂಡನ ಪಕ್ಕದಲ್ಲಿ ಕೂತು ಬಂದವರನ್ನೆಲ್ಲ ಕಣ್ಣಿನಿಂದಲೇ ತಡೆಯುತ್ತಿದ್ದಳು. ಅವನ ಎದುರು ತನ್ನ ಹೆಸರನ್ನಾಗಲಿ, ಇಬ್ಬರು ಹೆಣ್ಣುಮಕ್ಕಳ ಹೆಸರನ್ನಾಗಲಿ ಯಾರೂ ಎತ್ತಕೂಡದು ಎಂಬುದು ಅವಳ ಕಟ್ಟಪ್ಪಣೆ. "ಹುಡುಗ್ಯಾರು ಸಾಲಿಗೆ ಹೋಗ್ಯಾರೇನವಾ?" ಎಂದು ಮೃದುವಾಗಿ ಕೇಳಲು ಬಂದ ನರ್ಸನ್ನು ಅವಳು ಅಂಗಳದವರೆಗೆ ಅಟ್ಟಿಸಿಕೊಂಡು ಹೋಗಿದ್ದಳು.

"ಊರ ಮಂದಿ ನನ್ನ ಗಂಡನ ಬಾಯಿ ಕಟ್ಟಬೇಕಂತಾರ್ರಿ ಅಕ್ಕಾರ," ಎಂದಳು ಅವಳು. "ಅವನೇನ ತಾನಾಗಿ ಹೇಳತಾನೇನು? ಕೇಳವರು ಇವರು. ತಮ್ಮ ತಮ್ಮ ಬಾಯಿ ಕಟ್ಟಗೊಳ್ಳಲಿ. ಅರಿವಿ ನಾ ಕೊಡತೀನಿ."

"ಖರೆ ಐತಿ ನೋಡವಾ," ಎಂದರು ಅಕ್ಕಾರು.

"ನೀವೊಂದ ಸಲ ಅಂದಬಿಡ್ರಿ. ಗಡ್ಡಿ ಅಂತ ಅಂದು, ಅದರ ಮುಂದ ಆ ಮಾತು. ನೀವು ಅಂದ್ರ ಅಚ್ಚುಕಟ್ಟ ಹೋಗತೈತಿ. ನೀವು ಬಲ್ಲವರು."

ಅಕ್ಕಾರು ಅವಳ ಕೈ ಹಿಡಿದುಕೊಂಡರು. "ನಾ ಬಲ್ಲವಳು ಅಂತನ ಅನ್ನಾಂಗಲ್ಲ. ಒಳಗ ಏನೈತಿ ಅಂತ ಮೊದಲು ನೋಡ್ತೀನಿ. ನೋಡೂಕ್ಕಿಂತ ಮೊದಲು ಹೌದೂ ಅನ್ನಾಂಗಲ್ಲ, ಅಲ್ಲಾನೂ ಅನ್ನಾಂಗಲ್ಲ."

ಆಪರೇಷನ್ ಮಾಡಬೇಕಾದವರು ಡಾಕ್ಟರ್ ರುದ್ರಮುನಿ. ಅದೇ ಊರಿನವರು, ಕೈ ಚಿನ್ನದಂಥದ್ದು, ಮನಸ್ಸು ಸ್ವಲ್ಪ ಅವಸರದ್ದು. ತಲೆಯ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಾವು ಮೂವರೂ ನೋಡುತ್ತಿದ್ದೆವು. ಎಡಗಡೆ, ಮಾತಿನ ಜಾಗಕ್ಕೆ ಆತುಕೊಂಡು, ನಡುವೆ ಕಪ್ಪು, ಸುತ್ತ ಬಿಳಿ ಬಳೆಯಂಥ ಅಂಚು. ಕ್ರೂರ ಗಡ್ಡೆಯ ಚಿತ್ರವನ್ನು ಪುಸ್ತಕದಿಂದ ಹರಿದು ಅಂಟಿಸಿದಂತಿತ್ತು.

"ಗಡ್ಡಿ ಅಂತ ನೀವು ಹೇಳಿದ್ರ ಅಂಚು ಬಿಡದಂಗ ತಗದಬಿಡ್ತೀನ್ರಿ," ಎಂದರು ರುದ್ರಮುನಿ. "ಅಂಚಿನ ಸಂಗಾಟ ಮಾತಿನ ಜಾಗ ಪೂರಾ ಹೋಗತೈತಿ. ಆದ್ರ ಜೀವ ಒಂದಿಷ್ಟ ದಿನ ಉಳೀತೈತಿ. ಊರಿಗೂ ನಿದ್ದಿ ಬರತೈತಿ. ಪಂಚರು ಬೆಳಿಗ್ಗೆನ ಬಂದು ಕೈ ಮುಗದು ಹೋದ್ರು. ಮಾತು ಹೋದರ ಹೋಗಲಿ ಅಂತಾರ."

ಅಕ್ಕಾರು ಚಿತ್ರದ ಹತ್ತಿರ ಮುಖ ಒಯ್ದರು. "ಬಳಿ ಹೆಚ್ಚೈತಿ ನೋಡು, ರುದ್ರಮುನಿ."

"ಹೆಚ್ಚಿದ ಬಳೀನೂ ಗಡ್ಡೀವ ಇರತಾವ್ರಿ ಒಮ್ಮೊಮ್ಮೆ," ಎಂದರು ಅವರು.

"ಇರತಾವ," ಎಂದರು ಅಕ್ಕಾರು.

ಗಡ್ಡೆ ಬೆಳೆದಿದೆ ಎಂದು ಇಬ್ಬರೂ ಒಪ್ಪಿದರು ಎಂದುಕೊಂಡೆ. ಹಿಂದಿನ ಚಿತ್ರದ ಜೊತೆ ಇಟ್ಟು ನೋಡಿದರೆ ಬಳೆ ಅಷ್ಟೇನೂ ದೊಡ್ಡದಾಗಿ ಕಾಣದು. ಆದರೆ ಹಿರಿಯರ ಕಣ್ಣಿಗೆ ಕಂಡದ್ದು ನನಗೆ ಕಾಣಬೇಕೆಂಬ ನಿಯಮವೇನು ಎಂದು ಸುಮ್ಮನಾದೆ.

ಮರುದಿನ ತಲೆ ತೆರೆದರು. ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯ ಮೇಲೆ ಅಕ್ಕಿಕಾಳಿನಷ್ಟು ಒಂದು ಚೂರು ನಮ್ಮ ಕೋಣೆಗೆ ಬಂತು. ಆ ಚೂರಿನ ಅರ್ಧದಲ್ಲಿ ಅಕ್ಕಾರು ಕೆಲಸ ಶುರು ಮಾಡಿದರು. ಒಂದು ಗಾಜಿನ ಪಟ್ಟಿಯ ಮೇಲೆ ಅದನ್ನಿಟ್ಟು, ಇನ್ನೊಂದು ಪಟ್ಟಿಯನ್ನು ಮೇಲೆ ಒತ್ತಿ, ಮೆಲ್ಲಗೆ ಎಳೆಯುವುದು. ಕೇಳಲು ಸುಲಭ. ಜೋರಾಗಿ ಒತ್ತಿದರೆ ಜೀವಕೋಶಗಳು ನಜ್ಜುಗುಜ್ಜಾಗುತ್ತವೆ, ಹಗುರಾಗಿ ಒತ್ತಿದರೆ ಗುಂಪಾಗಿಯೇ ಉಳಿದು ಯಾರ ಮುಖವೂ ಕಾಣದು. ಮಗುವಿನ ಕಣ್ಣಂಚು ಒರೆಸುವಷ್ಟು ಒತ್ತು, ರೊಟ್ಟಿ ತಿರುವುವಷ್ಟು ಚುರುಕು. ಗಾಜು ಸರಿಯುವಾಗಲೇ ಅರ್ಧ ಉತ್ತರ ಅವರ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಕೆಲವು ಗಡ್ಡೆಗಳು ಹಟಮಾರಿ, ಎಳೆದರೂ ಹರಡವು. ಕೆಲವು ಎಳೆದಲ್ಲಿ ಬರುತ್ತವೆ. ಕೆಲವು ನಾರುನಾರಾಗಿ ಹಿಂದೆ ಜಗ್ಗುತ್ತವೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿ ಅವರ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಆ ದಿನ ಗಾಜು ಸರಿಯುವಾಗ ಅವರು ಒಂದು ಕ್ಷಣ ತಡೆದು, ಹುಬ್ಬು ಗಂಟಿಕ್ಕಿ, ಮತ್ತೆ ಎಳೆದರು.

ನೀಲಿ, ಗುಲಾಬಿ ಬಣ್ಣ ಹಾಕಿ, ಇಬ್ಬರೂ ಒಂದೇ ಸಲ ನೋಡಬಹುದಾದ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು.

"ಏನ್ ಕಾಣತೈತಿ?"

"ದಟ್ಟವಾಗಿ ಜೀವಕೋಶಗಳು. ಹೊಟ್ಟೆ ಉಬ್ಬಿದ ನಕ್ಷತ್ರಕೋಶಗಳು. ಅಗೋ, ಆ ಮೂಲೇಲಿ ಒಂದು ಒಡೆದು ಎರಡಾಗ್ತಾ ಇದೆ. ಗಡ್ಡೆನೇ, ಅಕ್ಕಾರೇ."

ಹೇಳುತ್ತಲೇ ನಾನು ಇಂಟರ್‌ಕಾಂ ಕಡೆ ಕೈ ಚಾಚಿದೆ. ಅಕ್ಕಾರು ಕಣ್ಣು ಎತ್ತದೆಯೇ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಅದು ಎರಡಾಗೂ ಹಂಗ ಕಾಣತೈತೊ, ಚೂರಚೂರಾಗಿ ಚೆಲ್ಲಿದಂಗ ಕಾಣತೈತೊ? ಸಾವಕಾಶ ನೋಡು."

ನೋಡಿದೆ. ಒಡೆಯುವ ಜೀವಕೋಶದಲ್ಲಿ ಎಳೆಗಳು ಎರಡು ಪಾಲಾಗಿ ಸಾಲುಗಟ್ಟುತ್ತವೆ. ಇಲ್ಲಿ ಅವು ಅಂಗಳದಲ್ಲಿ ಚೆಲ್ಲಿದ ಅವಲಕ್ಕಿಯ ಹಾಗೆ ದಿಕ್ಕಾಪಾಲಾಗಿದ್ದವು. ಕೆರಳಿದ ನಕ್ಷತ್ರಕೋಶ ಒಮ್ಮೊಮ್ಮೆ ಹೀಗೆ ವೇಷ ಹಾಕುತ್ತದೆ ಎಂದು ಓದಿದ್ದೆ. ಕಂಡದ್ದು ಅದೇ ಮೊದಲು.

"ಈಗ ಆ ದುಂಡನ ಮಂದಿ ನೋಡು. ಗೆರಿ ಎಳದಂಗ ಅಂಚಿರೂವರು. ಒಳಗ ನೊರಿ ನೊರಿ. ಯಾರವರು?"

"ಕಸ ತಿನ್ನೋ ಕೋಶಗಳು."

"ಉಂಡು ಕುಂತಾರ. ಏನ್ ಉಂಡಾರ?"

ನಾನು ಯೋಚಿಸುತ್ತಿರುವಾಗ ಇಂಟರ್‌ಕಾಂ ಗಂಟೆ ಹೊಡೆಯಿತು. ಆ ಗಂಟೆಯ ಸದ್ದು ಹೊರಗೆ ಬೆಂಚಿನವರೆಗೂ ಕೇಳುತ್ತದೆ. ರುದ್ರಮುನಿಯವರ ದನಿ ಗೊರಗೊರದ ನಡುವಿನಿಂದ ಬಂತು. "ಅಕ್ಕಾರ, ತಲಿ ತಗದ ನಿಂತೀನ್ರಿ."

"ನಿಂದರು. ಇನ್ನೊಂದ ಚೂರು ಕಳಸು. ಅಂಚಿಂದು."

"ಅಂಚಿನ್ಯಾಗ ಮಾತೈತ್ರಿ."

"ಅದಕ್ಕ ಅಕ್ಕಿಕಾಳಿನಷ್ಟ ಸಾಕು. ಜ್ವಾಳದಷ್ಟು ಬ್ಯಾಡ."

ಫೋನಿಟ್ಟು ಅವರು ನನ್ನ ಕಡೆ ತಿರುಗಿದರು. "ನಿನ್ನಿ ಚಿತ್ರ ನೋಡಿ ನಾ ಏನಂದಿದ್ದೆ?"

"ಬಳೆ ಹೆಚ್ಚಿದೆ ಅಂದ್ರಿ. ದೊಡ್ಡದಾಗಿದೆ ಅಂತ."

ಅಂಥ ಹೊತ್ತಿನಲ್ಲೂ ಅಕ್ಕಾರಿಗೆ ನಗು ಬಂತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿಮ್ಮಜ್ಜಿ ಕೈ ಬಳಿ ಒಡದ್ರ ಏನಂತಿದ್ಲೊ ತಮ್ಮಾ?"

ಆಗ ನನ್ನ ತಲೆಗೆ ಹೋಯಿತು. ಬಳೆ ಒಡೆದಿತ್ತು. ಎದ್ದು ಹೋಗಿ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದೆ. ಬಿಳಿಯ ಅಂಚು ಪೂರಾ ಸುತ್ತಿ ಬಾರದೆ, ಮಿದುಳಿನ ಹೊರಮೈಯ ಕಡೆ ಒಂದು ಸಣ್ಣ ಬಾಯಿ ಬಿಟ್ಟಿತ್ತು. ನಾನು ನೋಡಿದ್ದು ಬಳೆಯನ್ನು. ಅಕ್ಕಾರು ನೋಡಿದ್ದು ಅದರ ಸಂದನ್ನು. ಗಡ್ಡೆಯ ಬಳೆ ಸಾಮಾನ್ಯವಾಗಿ ಮುಚ್ಚಿರುತ್ತದೆ. ನರದ ತಂತಿಗಳ ಮೇಲಿನ ಹೊದಿಕೆ ಕಳಚಿ ಬೀಳುವ ಇನ್ನೊಂದು ಬೇನೆಯಿದೆ, ಅದು ಗಡ್ಡೆಯಂತೆಯೇ ಉಬ್ಬಿ ನಿಂತಾಗ ಅದರ ಬಳೆ ಹೀಗೆ ಒಡೆದಿರುತ್ತದೆ. ಕಸ ತಿನ್ನುವ ಕೋಶಗಳು ಉಂಡು ಕೂತಿದ್ದು ಆ ಹೊದಿಕೆಯನ್ನು. ಹೊದಿಕೆ ಹೋದ ತಂತಿ ಇನ್ನೂ ಜೀವಂತ. ಔಷಧಿಯಿಂದ ಬೆಂಕಿ ಆರಿಸಿದರೆ ಅದರಲ್ಲಿ ಮಾತು ಮತ್ತೆ ಹರಿದೀತು. ಕತ್ತರಿಸಿ ತೆಗೆದರೆ ತಂತಿಯೇ ಹೋಗುತ್ತದೆ.

"ಹಾಗಾದ್ರೆ ಗಡ್ಡೆ ಅಲ್ಲ," ಎಂದೆ ನಾನು.

"ಅವಸರ ಮಾಡಬ್ಯಾಡ. ನೀ ಆಗಳೆ ಗಡ್ಡಿ ಅನ್ನೂವಾಗೂ ಇಷ್ಟ ಜೋರಾಗೇ ಅಂದಿದ್ದಿ."

ಎರಡನೆಯ ಚೂರು ಬಂತು. ಮತ್ತೆ ಹೆಬ್ಬೆರಳು, ಮತ್ತೆ ಗಾಜು, ಮತ್ತೆ ಬಣ್ಣ. ಒಮ್ಮೊಮ್ಮೆ ಗಡ್ಡೆಯೂ ಇಂಥ ಕಸಗುಡಿಸುವವರನ್ನು ಜೊತೆಗೆ ಕರೆತರುತ್ತದೆ, ಅವರ ಗುಂಪಿನ ಹಿಂದೆ ತಾನು ಅವಿತಿರುತ್ತದೆ. ಆದ್ದರಿಂದ ಅಕ್ಕಾರು ಗಾಜಿನ ಒಂದು ತುದಿಯಿಂದ ಶುರು ಮಾಡಿ, ಹೊಲ ಉಳುವವರ ಹಾಗೆ ಸಾಲು ಸಾಲಾಗಿ, ಒಂದು ಸಾಲನ್ನೂ ಬಿಡದೆ ನೋಡುತ್ತ ಹೋದರು. ಇಂಟರ್‌ಕಾಂ ಮತ್ತೆ ಗಂಟೆ ಹೊಡೆಯಿತು, ಅವರು ಎತ್ತದೆ ಬಿಟ್ಟರು. ಆಪರೇಷನ್ ಕೋಣೆಯಲ್ಲಿ ಒಂದು ತಲೆ, ಕಾರಿಡಾರಿನಲ್ಲಿ ಒಬ್ಬ ಹೆಂಗಸು, ಗೇಟಿನಾಚೆ ನಿದ್ದೆಗೆ ಹಾತೊರೆಯುವ ಒಂದು ಊರು, ಇಷ್ಟೂ ಆ ಮುದುಕಿಯ ಬೆನ್ನ ಮೇಲೆ ಕೂತಿದ್ದವು. ಬೆನ್ನು ಮಾತ್ರ ಅಲುಗದೆ ನೆಟ್ಟಗಿತ್ತು. ಕಣ್ಣು ತನ್ನ ಪಾಡಿಗೆ ಸಾಲು ಹಿಡಿದು ನಡೆದಿತ್ತು. ನಾನು ಬಹಳ ಜನ ಜಾಣರನ್ನು ನೋಡಿದ್ದೇನೆ. ಅಷ್ಟು ಮಂದಿ ಒಂದೇ ಉತ್ತರಕ್ಕೆ ಕಾಯುತ್ತಿರುವಾಗ ಯಾರ ಉತ್ತರವನ್ನೂ ಕಿವಿಗೆ ಹಾಕಿಕೊಳ್ಳದೆ ಗಾಜು ಹೇಳುವವರೆಗೆ ಕೂತವರನ್ನು ಅವರೊಬ್ಬರನ್ನೇ ನೋಡಿದ್ದು.

ಕೊನೆಯ ಸಾಲು ಮುಗಿಸಿ ಅವರು ಮೇಜಿನ ಕೆಳಗೆ ಕಾಲಿನಿಂದ ಚಪ್ಪಲಿ ತಡಕಾಡಿದರು. ಆ ಸದ್ದು ಕೇಳಿ ನನ್ನ ಎದೆ ಹಗುರಾಯಿತು.

ನಾನು ಬಾಗಿಲು ತೆರೆದೆ. ಎರಡು ಸಲ ಗಂಟೆ ಹೊಡೆದದ್ದನ್ನು ಕೇಳಿ ಫಕ್ಕೀರವ್ವ ಬೆಂಚಿನ ಮೇಲೆ ಮುದುಡಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಬಾಗಿಲ ಸದ್ದಿಗೆ ತಲೆ ಎತ್ತಿದಳು. ಅಕ್ಕಾರು ಗೋಡೆಗೆ ಕೈ ಆನಿಸಿ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಅವಳು ಎದ್ದು ನಿಂತಳು. ಬೆಂಚಿನ ಮೇಲಿದ್ದ ಬೇರೆ ರೋಗಿಗಳ ಮನೆಯವರೂ ತಮ್ಮದೇ ಸುದ್ದಿ ಎಂಬಂತೆ ಎದ್ದರು. ಕ್ಯಾಂಟೀನಿನಿಂದ ಇಮಾಮಸಾಬ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಎಲ್ಲರೂ ಆ ಕುಂಟು ನಡಿಗೆಗೆ ದಾರಿ ಬಿಟ್ಟರು. ಅಕ್ಕಾರು ಎಡಬಲ ನೋಡದೆ ದಾಟಿಹೋದರು.

ಆಪರೇಷನ್ ಕೋಣೆಯ ಹೊಸ್ತಿಲಲ್ಲಿ ನಿಂತು ಅವರು ರುದ್ರಮುನಿಯವರ ಕಣ್ಣು ತಮ್ಮ ಕಣ್ಣಿಗೆ ಸಿಗುವವರೆಗೆ ಕಾದರು. ನರ್ಸುಗಳು ತುಟಿ ಬಿಗಿದು ನಿಂತರು.

"ನನ್ನ ಬಾಯಿ ನೋಡು ರುದ್ರಮುನಿ. ಗಡ್ಡಿ," ಎಂದು ತಡೆದು, ಬಾಯಿ ಅಗಲವಾಗಿ ತೆರೆದು, "ಅಲ್ಲ" ಎಂದರು.

ಅವರೂ ಅಷ್ಟೇ ಅಗಲವಾಗಿ ಬಾಯಿ ತೆರೆದು ತಿರುಗಿ ಹೇಳಿದರು. "ಅಲ್ಲ." ಆಮೇಲೆ, "ಖಾತ್ರಿ ಏನ್ರಿ?"

"ಮುಚ್ಚು ಅನ್ನುವಷ್ಟು ಖಾತ್ರಿ ಐತಿ. ಉಳದದ್ದು ನರದ ಹೊದಿಕಿಗಷ್ಟ ಹತ್ತೂ ಇನ್ನೊಂದ ನೀಲಿ ಬಣ್ಣ ಹೇಳಬೇಕು, ಅದಕ್ಕ ಒಂದೆರಡ ದಿನ ಬೇಕು. ಅಲ್ಲೀತನಕ ಕತ್ತರಿ ಕೆಳಗಿಡು."

"ಹೊರಗ ಪಂಚರು ನಿಂತಾರ್ರಿ. ಊರಿಗೆ ಏನ್ ಹೇಳಲಿ?"

"ಗಾಜಿನ ಮ್ಯಾಲ ಇದ್ದದ್ದು ಒಬ್ಬ ಮನಶ್ಯಾನ ಮಿದುಳು, ಊರಲ್ಲ, ಅಂತ ಹೇಳು."

ರುದ್ರಮುನಿ ಕತ್ತರಿ ಕೆಳಗಿಟ್ಟರು. ಆಮೇಲೆ ಹೊಲಿಗೆಯ ದಾರ ಕೇಳಿದರು.

ನೀಲಿ ಬಣ್ಣ ಹೇಳಿತು. ಹೊದಿಕೆ ಇದ್ದಲ್ಲಿ ಗಾಜು ಅಗಸೆ ಹೂವಿನ ಹೊಲದಂತೆ ನೀಲಿಯಾಗಿತ್ತು, ನಡುವೆ ಕತ್ತರಿಸಿ ತೆಗೆದಂಥ ಬೋಳು ಜಾಗ. ಬೆಳ್ಳಿಯ ಬಣ್ಣ ಹಾಕಿದ ಇನ್ನೊಂದು ಗಾಜಿನಲ್ಲಿ ಆ ಬೋಳು ಜಾಗದ ಮೂಲಕವೇ ಕಪ್ಪು ತಂತಿಗಳು ತುಂಡಾಗದೆ, ಒಂದರ ಪಕ್ಕ ಒಂದು, ಬಿಸಿಲಿಗೆ ಮೈಯೊಡ್ಡಿ ಹಾದುಹೋಗಿದ್ದವು. "ಮಾತು ಇಲ್ಲೇ ಐತಿ ನೋಡು. ಮೈಮ್ಯಾಲ ಅರಿವಿ ಬೇಕಾಗೈತಿ, ಅಷ್ಟ," ಎಂದರು ಅಕ್ಕಾರು.

ರಕ್ತನಾಳಕ್ಕೆ ಔಷಧಿ ಶುರುವಾಯಿತು. ಗುಣ ಕಾಣುತ್ತಿದೆಯೇ ಎಂದು ತಿಳಿಯಲು ಅವನನ್ನು ಏನಾದರೂ ಕೇಳಲೇಬೇಕು, ಕೇಳಿದರೆ ಏನಾದರೂ ಹೋಗುತ್ತದೆ. ಚಂದ್ರನ ಬಗ್ಗೆ ಕೇಳಿದರೆ ಯಾರಿಗೂ ನಷ್ಟವಾಗದು ಎಂದು ನಾನು ಸಲಹೆ ಕೊಟ್ಟೆ. "ಹೋದ್ರ ಯಾರ ಛತ್ರಿ ಹಿಡೀತೀಯೊ ತಮ್ಮಾ?" ಎಂದು ಅಕ್ಕಾರು ನನ್ನ ಬಾಯಿ ಮುಚ್ಚಿಸಿದರು. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ದಿನಾ ಅವನ ಮುಂದೆ ಪೆನ್ನು ಹಿಡಿದು, "ಇದು ಚಮಚೇನು ದ್ಯಾಮಣ್ಣ?" ಎಂದು ಕೇಳುವುದು. ಅವನು ಟವೆಲ್ಲು ತೆಗೆದು "ಇಲ್ಲ" ಎನ್ನುತ್ತಿದ್ದ. ಕ್ಯಾಂಟೀನಿನಲ್ಲಿ ಒಂದು ಚಮಚ ಹೋಗುತ್ತಿತ್ತು.

"ಅಕ್ಕಾರ, ಚಮಚೆ ಭಾಳ ಹೆಚ್ಚಾಕತ್ತಾವ್ರಿ," ಎಂದು ಇಮಾಮಸಾಬ ಬಂದು ನಿಂತ. "ಡಾಕ್ಟ್ರೆಲ್ಲ ಉಪ್ಪಿಟ್ಟು ಕೈಲೆ ತಿನ್ನಾಕತ್ತಾರ. ಸೌಟು ಅಂತ ಕೇಳಿಗೀಳೀರಿ ಮತ್ತ, ನನ್ನ ಧಂದೇನ ಮುಗೀತೈತಿ."

ಒಂದು ಮಧ್ಯಾಹ್ನ ನಾವು ಹೋದಾಗ ಅವನು ಉಳಿದ ಚಮಚಗಳನ್ನು ಒಂದು ಲೋಟಕ್ಕೆ ಹಾಕಿಕೊಂಡು, ಕಾವಲು ಕಾಯುವವನ ಹಾಗೆ ವಾರ್ಡಿನ ಬಾಗಿಲಲ್ಲೇ ನಿಂತಿದ್ದ. ರುದ್ರಮುನಿಯವರೂ ಬಂದಿದ್ದರು. ಅಕ್ಕಾರು ಪೆನ್ನು ಹಿಡಿದು ಎಂದಿನಂತೆ ಕೇಳಿದರು. ದ್ಯಾಮಣ್ಣ ಟವೆಲ್ಲು ಇಳಿಸಿದ. ಅವನ ತುಟಿಗಳು ಎರಡೂ ಪಕ್ಕಕ್ಕೆ ಎಳೆದುಕೊಂಡು ಹಳೆಯ ಮಾತಿಗೆ ಸಜ್ಜಾದವು, ಹಾಗೆಯೇ ನಿಂತವು. ಹಣೆಯ ಮೇಲೆ ನರ ಉಬ್ಬಿತು. ಆಮೇಲೆ ತುಟಿಗಳು ಬಹಳ ನಿಧಾನವಾಗಿ, ತುಕ್ಕು ಹಿಡಿದ ಬಾಗಿಲಿನಂತೆ, ಅಗಲವಾಗಿ ತೆರೆದವು.

"ಅ," ಎಂದ. "ಅಲ್ಲ."

ಇಮಾಮಸಾಬ ಲೋಟವನ್ನು ಎತ್ತಿ ನೋಡಿದ, ಅಲ್ಲಾಡಿಸಿ ನೋಡಿದ. ಚಮಚಗಳು ಗಲಗಲ ಎಂದವು. ಅಕ್ಕಾರು ಪೆನ್ನನ್ನು ಕೈಯಲ್ಲಿ ಹಿಡಿದೇ ಇದ್ದರು. ಇಷ್ಟು ವರ್ಷ ಆ ಮಾತನ್ನು ಅವರು ಬೇರೆಯವರ ಬಳಿಗೆ ಹೊತ್ತುಕೊಂಡು ನಡೆದಿದ್ದರು. ಈಗ ಅವರ ಮುಖ ನೋಡಿಕೊಂಡು ಅದನ್ನು ಇನ್ನೊಬ್ಬರು ಹೇಳಿದ್ದರು. "ಸಾಕು ಇವತ್ತಿಗೆ," ಎಂದು ಅವರು ಏಳಹೋದರು.

ಆಗ ಫಕ್ಕೀರವ್ವ, ನಾವು ಯಾರೂ ತಡೆಯುವ ಮುಂಚೆ, ಮಂಚದ ಮೇಲೆ ಬಾಗಿ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಕ್ಕಾರಿಗೆ ಅಷ್ಟ ಛಂದ ಹೇಳಿದಿ. ನನಗೂ ಒಂದ ಹೇಳು. ನಾ ಅದೀನೇನು?"

ಅಕ್ಕಾರ ಕೈ ಅವಳ ಬಾಯಿ ಮುಚ್ಚಲು ಎದ್ದಿತ್ತು, ತಡವಾಗಿತ್ತು. ಲೋಟದ ಸದ್ದು ನಿಂತಿತು. ದ್ಯಾಮಣ್ಣ ಹೆಂಡತಿಯನ್ನು ನೋಡಿದ. ಅವಳ ಹಣೆ ನೋಡಿದ, ಮೂಗುತಿ ನೋಡಿದ, ತನ್ನ ಕೆನ್ನೆಗೆ ಒತ್ತಿದ್ದ ಅವಳ ಬಳೆಗಳನ್ನು ನೋಡಿದ. ತುಟಿಗಳು ಮತ್ತೆ ಪಕ್ಕಕ್ಕೆ ಎಳೆದುಕೊಳ್ಳತೊಡಗಿದ್ದನ್ನು ನಾವೆಲ್ಲ ಕಂಡೆವು. ಅವಳೂ ಕಂಡಳು. ಕೈ ತೆಗೆಯದೆ ಹಾಗೆಯೇ ಹಿಡಿದಿದ್ದಳು.

"ಅದೀ," ಎಂದ ಅವನು.

ತನ್ನ ದನಿಗೆ ತಾನೇ ಬೆಚ್ಚಿದವನಂತೆ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಸ್ವಲ್ಪ ಗಟ್ಟಿಯಾಗಿ, "ಅದೀ," ಎಂದ. ಮೂರನೆಯ ಸಲ ಪೇಟೆಯ ಆ ತುದಿಗೆ ಕೇಳುವಂತೆ "ಅದೀ" ಎಂದು ಕೂಗಿ, ಮಂಚದ ಕಬ್ಬಿಣದ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟ.